ಐರ್ಲೆಂಡಿನ ಪೂರ್ವಜರ ಹುಡುಕಾಟ: ಟೈಥ್ ಪುಸ್ತಕ ನೋಡಬೇಕೋ, ಗ್ರಿಫಿತ್ ಪಟ್ಟಿ ನೋಡಬೇಕೋ?

ಐರ್ಲೆಂಡಿನಲ್ಲಿ 1901ಕ್ಕಿಂತ ಹಿಂದಿನ ಜನಗಣತಿ ಹೆಚ್ಚುಕಮ್ಮಿ ಏನೂ ಉಳಿದಿಲ್ಲ. 1821ರಿಂದ 1851ರವರೆಗಿನ ನಾಲ್ಕು ಗಣತಿಗಳ ಕಾಗದಪತ್ರ ಡಬ್ಲಿನ್ನಿನ ಪಬ್ಲಿಕ್ ರೆಕಾರ್ಡ್ ಆಫೀಸಿನಲ್ಲಿತ್ತು. ಅಂತರ್ಯುದ್ಧದ ಶುರುವಿನಲ್ಲಿ, 1922ರ ಜೂನ್ 30ರಂದು, ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಆ ಕಟ್ಟಡ ಸ್ಫೋಟಗೊಂಡು ಉರಿದುಹೋಯಿತು. ಕಾಗದದ ಬಹುಪಾಲು ಅಲ್ಲೇ ಬೂದಿಯಾಯಿತು. 1861 ಮತ್ತು 1871ರ ಗಣತಿಯನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಹೀಗಾಗಿ 19ನೇ ಶತಮಾನದ ಐರಿಷ್ ರೈತನೊಬ್ಬನನ್ನು ಹುಡುಕಬೇಕು ಅಂದ್ರೆ, ತೆರಿಗೆ ವಸೂಲಿಗೆ ಅಂತ ಬರೆದಿಟ್ಟ ಜಮೀನಿನ ಪಟ್ಟಿಗಳನ್ನು ನೋಡಲೇಬೇಕು. ಆ ಪಟ್ಟಿಗಳಲ್ಲಿ ಯಾವುದನ್ನು ಯಾವಾಗ ತೆಗೆಯಬೇಕು, ಯಾವುದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಕನ್ನಡ ನಾಡಿಗೂ ಈ ಹುಡುಕಾಟಕ್ಕೂ ನಂಟಿದೆ. 1809ರಲ್ಲಿ ಶುರುವಾದ ಬೆಂಗಳೂರು ಕಂಟೋನ್ಮೆಂಟಿಗೆ ಬಂದ ಸಿಪಾಯಿಗಳಲ್ಲಿ ಐರಿಷ್ ಹಳ್ಳಿಗಳಿಂದ ಬಂದವರು ಬಹಳ ಜನ. ಕೆಲವರು ಇಲ್ಲೇ ಮದುವೆಯಾಗಿ, ಇಲ್ಲೇ ಮಣ್ಣಾದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾ, ಐರ್ಲೆಂಡಿನಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಸೊಸೆಯೋ ಅಳಿಯನೋ ಐರಿಷ್ ಮೂಲದವರಾಗಿ ಬಂದಿರುವುದೂ ಉಂಟು. ಮಗು ಶಾಲೆಯಿಂದ ವಂಶವೃಕ್ಷದ ಹಾಳೆ ತಂದಾಗ ಒಂದು ಕಡೆ ಏಳು ತಲೆಮಾರು ತುಂಬಿ, ಇನ್ನೊಂದು ಕಡೆ ಖಾಲಿ ಉಳಿದರೆ ಬೇಸರವಾಗುತ್ತೆ, ಅಲ್ವಾ?

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮವರು 1850ರ ಆಸುಪಾಸಿನಲ್ಲಿ ಐರ್ಲೆಂಡಿನಲ್ಲೇ ಇದ್ದರು, ಅಥವಾ ಅವರ ಅಪ್ಪನೋ ಅಣ್ಣನೋ ಅಲ್ಲಿ ಉಳಿದಿದ್ದರು ಅಂತಾದರೆ ಗ್ರಿಫಿತ್ ವ್ಯಾಲ್ಯುಯೇಷನ್, ಅಂದರೆ ಜಮೀನು ಮನೆಗಳಿಗೆ ಬೆಲೆ ಕಟ್ಟಿದ ಪಟ್ಟಿಯಿಂದ ಶುರು ಮಾಡಿ. ಇಡೀ ಕುಟುಂಬ 1847ಕ್ಕಿಂತ ಮೊದಲೇ ಹಡಗು ಹತ್ತಿತ್ತು, ಅಥವಾ 1845–52ರ ಬರಗಾಲದಲ್ಲಿ ಅಳಿಸಿಹೋಯಿತು ಅಂತಾದರೆ, ಅದಕ್ಕೂ ಮೊದಲು ಚರ್ಚಿನ ತೆರಿಗೆಗೆ ಅಂತ ಬರೆದ ಟೈಥ್ ಪುಸ್ತಕಗಳೇ ಗತಿ. ಎರಡೂ ಸಿಕ್ಕಿ, ಮುಂದಿನ ತಲೆಮಾರಿಗೆ ಇಳಿಯಬೇಕಿದ್ದರೆ ಗ್ರಿಫಿತ್ ಪಟ್ಟಿಯನ್ನು ತಿದ್ದುತ್ತ ಹೋದ ರಿವಿಷನ್ ಪುಸ್ತಕಗಳಿವೆ. ಜನ ಕೊನೆಗೆ ನೋಡುವ ಈ ರಿವಿಷನ್ ಪುಸ್ತಕಗಳಲ್ಲೇ ಜಾಸ್ತಿ ಹುರುಳಿದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಊರು ಗೊತ್ತಾಗಬೇಕು

ಯಾವ ಪಟ್ಟಿಯಾದರೂ ಸರಿ, ಟೌನ್‌ಲ್ಯಾಂಡ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಸರಿನಲ್ಲಿ ಟೌನ್ ಇದ್ದರೂ ಇದು ಪಟ್ಟಣವಲ್ಲ. ಐರ್ಲೆಂಡಿನ ಭೂಮಿ ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕ ಘಟಕ ಇದು. ಕೆಲವು ಹೊಲಗಳು, ಕೆಲವು ಮನೆಗಳು, ಅಷ್ಟೇ. ಇಂಥವು ದೇಶದಲ್ಲಿ 60,000ಕ್ಕೂ ಹೆಚ್ಚಿವೆ. ಹಲವು ಟೌನ್‌ಲ್ಯಾಂಡ್ ಸೇರಿದರೆ ಒಂದು ಸಿವಿಲ್ ಪ್ಯಾರಿಷ್, ಅಂದರೆ ಸರ್ಕಾರಿ ಲೆಕ್ಕದ ಪ್ಯಾರಿಷ್. ಅದರ ಮೇಲೆ ಬ್ಯಾರನಿ, ಕೌಂಟಿ.

ಟೈಥ್ ಪುಸ್ತಕವೂ ಗ್ರಿಫಿತ್ ಪಟ್ಟಿಯೂ ಸಿವಿಲ್ ಪ್ಯಾರಿಷ್ ಲೆಕ್ಕದಲ್ಲಿ ಬರೆದವು. ಆದರೆ ಮನೆಯಲ್ಲಿ ಅಜ್ಜಿ ಹೇಳಿದ ಪ್ಯಾರಿಷ್ ಹೆಸರು ಸಾಮಾನ್ಯವಾಗಿ ಕ್ಯಾಥೊಲಿಕ್ ಚರ್ಚಿನದು. ಎರಡರ ಗಡಿಯೂ ಬೇರೆ, ಹೆಸರೂ ಬೇರೆ ಇರಬಹುದು. ಎಷ್ಟೋ ಜನ ಈ ಒಂದು ವಿಷಯ ಗೊತ್ತಿಲ್ಲದೆ ತಪ್ಪು ಪುಟಗಳಲ್ಲಿ ತಿಂಗಳುಗಟ್ಟಲೆ ತಡಕಾಡುತ್ತಾರೆ. ಹೆಸರುಗಳ ಸರಿಯಾದ ರೂಪ ನೋಡಲು ಲೋಗ್‌ಐನ್ಮ್ ಅನ್ನೋ ಸರ್ಕಾರಿ ಸ್ಥಳನಾಮ ತಾಣ ಇದೆ, ಉಚಿತ.

ಊರು ಎಲ್ಲಿಂದ ಸಿಗುತ್ತೆ? ವಲಸೆ ಹೋದ ದೇಶದಲ್ಲೇ ಹುಡುಕಬೇಕು. ಸಮಾಧಿಕಲ್ಲು, ಚರ್ಚಿನ ಮದುವೆ ದಾಖಲೆ, ಹಳೇ ಕಾಗದಗಳು. ಬಾಸ್ಟನ್ನಿನ ಪೈಲಟ್ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಅವುಗಳಲ್ಲಿ ಹುಟ್ಟಿದ ಪ್ಯಾರಿಷ್, ಕೆಲವು ಸಲ ಟೌನ್‌ಲ್ಯಾಂಡ್ ಕೂಡ ಇರುತ್ತೆ. ಇನ್ನು ಸಿಪಾಯಿ ಮನೆತನದವರ ವಿಷಯಕ್ಕೆ ಬಂದರೆ ಅವರು ಅದೃಷ್ಟವಂತರು. ಪಿಂಚಣಿ ಪಡೆದು ಬಿಡುಗಡೆಯಾದ ಸೈನಿಕನ ಕಾಗದದಲ್ಲಿ ಅವನು ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ, ಸೈನ್ಯ ಸೇರಿದಾಗಿನ ವಯಸ್ಸು, ಮೊದಲು ಮಾಡುತ್ತಿದ್ದ ಕಸುಬು ಎಲ್ಲ ಬರೆದಿರುತ್ತೆ. ಬ್ರಿಟಿಷ್ ಸೇನೆಯ ಕಾಗದಗಳು ಲಂಡನ್ ಬಳಿಯ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಸಿಪಾಯಿಗಳ ದಾಖಲೆ ಬ್ರಿಟಿಷ್ ಲೈಬ್ರರಿಯಲ್ಲಿದೆ. 1815ರಲ್ಲಿ ಸೈನ್ಯ ಸೇರಿ ಮದ್ರಾಸಿನ ಕಡೆ ಬಂದವನ ಹೆಸರು 1823–37ರ ಟೈಥ್ ಪುಸ್ತಕದಲ್ಲಿ ಇರುವ ಸಾಧ್ಯತೆ ಕಮ್ಮಿ. ಆದರೆ ಅವನ ಅಪ್ಪನದೋ ತಮ್ಮನದೋ ಇರಬಹುದು. ಹೋದವನಿಗಿಂತ ಉಳಿದವರನ್ನು ಹುಡುಕಿ.

ಗ್ರಿಫಿತ್ ವ್ಯಾಲ್ಯುಯೇಷನ್, 1847–1864

ರಿಚರ್ಡ್ ಗ್ರಿಫಿತ್ ಅನ್ನೋ ಭೂವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಇಡೀ ಐರ್ಲೆಂಡಿನ ಜಮೀನು, ಮನೆ, ಅಂಗಡಿ, ಗಿರಣಿಗಳಿಗೆ ಬೆಲೆ ಕಟ್ಟಿ ಅಚ್ಚು ಹಾಕಿಸಿದ ಪಟ್ಟಿ ಇದು. ಬಡವರ ಪಾಲನೆಗೆ ಬೇಕಾದ ತೆರಿಗೆಯನ್ನು ಯಾರು ಎಷ್ಟು ಕೊಡಬೇಕು ಅಂತ ತೀರ್ಮಾನಿಸಲು ಇದನ್ನು ಮಾಡಿದರು. ಡಬ್ಲಿನ್‌ನಿಂದ ಶುರುವಾಗಿ 1864ರಲ್ಲಿ ಆರ್ಮಾ ಕೌಂಟಿಯಲ್ಲಿ ಮುಗಿಯಿತು. ದಕ್ಷಿಣದ ಕೌಂಟಿಗಳು ಹೆಚ್ಚಾಗಿ 1850ರ ದಶಕದ ಮೊದಲ ಭಾಗದಲ್ಲಿ, ಉತ್ತರದ ಅಲ್ಸ್ಟರ್ 1860ರ ಆಸುಪಾಸಿನಲ್ಲಿ. ನಿಮ್ಮ ಪ್ಯಾರಿಷ್ಷಿನ ಪಟ್ಟಿ ಯಾವ ವರ್ಷ ಅಚ್ಚಾಯಿತು ಅಂತ ಮೊದಲು ನೋಡಿಕೊಳ್ಳಿ. 1853ರಲ್ಲಿ ಹೊರಟವನನ್ನು 1860ರ ಪಟ್ಟಿಯಲ್ಲಿ ಹುಡುಕಿ ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ.

ನಮ್ಮ ಪಹಣಿ ಓದಿ ಅಭ್ಯಾಸ ಇರುವವರಿಗೆ ಇದು ಹೊಸದು ಅನ್ನಿಸಲ್ಲ. ನಕ್ಷೆಯ ನಂಬರ್, ಸ್ವಾಧೀನದಲ್ಲಿರುವವರ ಹೆಸರು, ಅವರಿಗೆ ಗೇಣಿಗೆ ಕೊಟ್ಟವರ ಹೆಸರು, ಏನಿದೆ ಅನ್ನೋ ವಿವರ, ವಿಸ್ತೀರ್ಣ, ಜಮೀನಿನ ಬೆಲೆ, ಕಟ್ಟಡದ ಬೆಲೆ, ಒಟ್ಟು. ಇಷ್ಟು ಕಾಲಂ.

ಒಂದು ಸಾಲನ್ನು ಬಿಡಿಸಿ ನೋಡೋಣ. ನಕ್ಷೆಯ ನಂಬರ್ ಕಾಲಂನಲ್ಲಿ 7 ಅಂತ ಇದೆ, ಅದರ ಪಕ್ಕ ಇಂಗ್ಲಿಷಿನ ದೊಡ್ಡಕ್ಷರದ ಎ ಮತ್ತು ಬಿ ಇವೆ ಅಂತಿಟ್ಟುಕೊಳ್ಳಿ. ಅಂದರೆ ಒಬ್ಬನೇ ರೈತನ ಜಮೀನು ಎರಡು ತುಂಡಾಗಿ ಬೇರೆಬೇರೆ ಕಡೆ ಇದೆ. ಪಕ್ಕದಲ್ಲಿ ಚಿಕ್ಕಕ್ಷರ ಇದ್ದರೆ ಅದು ಮನೆ. ಏಳನೇ ನಂಬರಿನ ಕೆಳಗೆ ಚಿಕ್ಕಕ್ಷರದ ಎ, ಬಿ, ಸಿ ಸಾಲಾಗಿ ಬಂದು, ಗೇಣಿಗೆ ಕೊಟ್ಟವರ ಕಾಲಂನಲ್ಲಿ ಆ ರೈತನ ಹೆಸರೇ ಇದ್ದರೆ, ಅವೆಲ್ಲ ಅವನ ಹೊಲದಲ್ಲೇ ಗುಡಿಸಲು ಕಟ್ಟಿಕೊಂಡ ಕೂಲಿಯವರದು ಅಂತ ಲೆಕ್ಕ. ಅವರ ಗುಡಿಸಲಿನ ಬೆಲೆ ವರ್ಷಕ್ಕೆ ಕೆಲವೇ ಶಿಲಿಂಗ್ ಅಂತ ಬರೆದಿರುತ್ತೆ. ಒಂದೇ ನಂಬರಿಗೆ ನಾಲ್ಕೈದು ಹೆಸರು ಬ್ರಾಕೆಟ್ಟಿನಲ್ಲಿ ಸೇರಿದ್ದರೆ ಅದು ಜಂಟಿ ಸಾಗುವಳಿ. ಪಶ್ಚಿಮದ ಕೌಂಟಿಗಳಲ್ಲಿ ಇದು ಮಾಮೂಲು. ಹೀಗೆ ಸೇರಿ ಉಳುತ್ತಿದ್ದವರು ಬಹಳ ಸಲ ಅಣ್ಣತಮ್ಮಂದಿರು, ದಾಯಾದಿಗಳು, ಬೀಗರು. ಒಂದು ಹೆಸರು ಬರೆದುಕೊಂಡು ಮುಂದೆ ಹೋಗಬೇಡಿ, ಇಡೀ ಗುಂಪನ್ನು ಬರೆದುಕೊಳ್ಳಿ.

ಗೇಣಿಗೆ ಕೊಟ್ಟವರ ಕಾಲಂನಲ್ಲಿ ಇನ್ ಫೀ ಅಂತ ಇದ್ದರೆ ಅವನೇ ಒಡೆಯ. ಬೇರೆ ಹೆಸರಿದ್ದರೆ ಅವನು ಜಮೀನ್ದಾರನೇ ಆಗಿರಬೇಕು ಅಂತೇನಿಲ್ಲ, ನಡುವಿನ ದಲ್ಲಾಳಿ ಗೇಣಿದಾರನೂ ಇರಬಹುದು. ಇನ್ನು, ಒಂದೇ ಟೌನ್‌ಲ್ಯಾಂಡಿನಲ್ಲಿ ಇಬ್ಬರು ಜಾನ್ ಕೆಲ್ಲಿ ಇದ್ದರೆ ಗುರುತಿಗೆ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ಇನ್ನೊಂದು ಪದ ಹಾಕುತ್ತಿದ್ದರು. ಅದು ಕೂದಲಿನ ಬಣ್ಣ ಇರಬಹುದು, ಕಸುಬು ಇರಬಹುದು. ಬಹಳ ಸಲ ಅಪ್ಪನ ಹೆಸರು. ಜಾನ್ ಕೆಲ್ಲಿ ಪಕ್ಕ ಮೈಕಲ್ ಅಂತ ಬ್ರಾಕೆಟ್ಟಿನಲ್ಲಿ ಕಂಡರೆ ಅವನು ಮೈಕಲ್ಲನ ಮಗ ಆಗಿರುವ ಸಾಧ್ಯತೆ ಜಾಸ್ತಿ. ಒಂದು ತಲೆಮಾರು ಹಿಂದಕ್ಕೆ ಹೋಗಲು ಇಷ್ಟು ಚಿಕ್ಕ ಬ್ರಾಕೆಟ್ ಸಾಕು.

ವಿಸ್ತೀರ್ಣ ಎಕರೆ, ರೂಡ್, ಪರ್ಚ್ ಲೆಕ್ಕದಲ್ಲಿದೆ. ನಾಲ್ಕು ರೂಡ್ ಒಂದು ಎಕರೆ, ನಲವತ್ತು ಪರ್ಚ್ ಒಂದು ರೂಡ್. ನಮ್ಮ ಗುಂಟೆಗೆ ಇಳಿಸುವುದು ಸುಲಭ: ಒಂದು ರೂಡ್ ಅಂದ್ರೆ ಹತ್ತು ಗುಂಟೆ, ನಾಲ್ಕು ಪರ್ಚ್ ಅಂದ್ರೆ ಒಂದು ಗುಂಟೆ. 12 ಎಕರೆ 3 ರೂಡ್ 20 ಪರ್ಚ್ ಅಂತ ಕಂಡರೆ 12 ಎಕರೆ 35 ಗುಂಟೆ ಅಂತ ಓದಿಕೊಳ್ಳಿ.

ಈ ಪಟ್ಟಿ ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ನಕ್ಷೆ ಸಮೇತ ಉಚಿತವಾಗಿ ಸಿಗುತ್ತೆ. ಅಲ್ಲಿನ ನಕ್ಷೆಗಳು ಕೆಲವು ಕಡೆ ಪಟ್ಟಿಗಿಂತ ನಂತರದ ಕಾಲದವು. ಪಟ್ಟಿಯ ನಂಬರೂ ನಕ್ಷೆಯ ನಂಬರೂ ಹೊಂದದಿದ್ದರೆ ಗಾಬರಿ ಬೇಡ, ನಡುವೆ ನಂಬರ್ ಬದಲಾಗಿರುತ್ತೆ.

ಟೈಥ್ ಪುಸ್ತಕಗಳು, 1823–1837

ಚರ್ಚ್ ಆಫ್ ಐರ್ಲೆಂಡ್ ಆಗಿನ ರಾಜ್ಯಧರ್ಮದ ಚರ್ಚು, ಪ್ರಾಟೆಸ್ಟೆಂಟರದು. ಅದರ ಪಾದ್ರಿಗಳ ಖರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡಬೇಕಿತ್ತು. ಕ್ಯಾಥೊಲಿಕ್ಕರೇ ತುಂಬಿದ್ದ ದೇಶದಲ್ಲಿ ಆ ಚರ್ಚಿನ ಬಾಗಿಲು ತುಳಿಯದ ರೈತರೂ ಇದನ್ನು ಕಟ್ಟಬೇಕಿತ್ತು. 1823ರ ಕಾನೂನು ಇದನ್ನು ಹಣದ ಲೆಕ್ಕಕ್ಕೆ ತಂದಿತು. ಯಾರ ಹತ್ತಿರ ಎಷ್ಟು ಜಮೀನಿದೆ, ಮಣ್ಣು ಎಂಥದ್ದು, ಎಷ್ಟು ಕಟ್ಟಬೇಕು ಅಂತ ಪ್ಯಾರಿಷ್‌ಗೆ ಒಂದರಂತೆ ಬರೆದ ಪುಸ್ತಕಗಳೇ ಇವು.

ಧರ್ಮದ ಭೇದವಿಲ್ಲದೆ ಎಲ್ಲರ ಮೇಲೂ ಹೊರಿಸಿದ ತೆರಿಗೆ ಅನ್ನೋದೇ ಇವತ್ತು ನಮಗೆ ಅನುಕೂಲವಾಗಿದೆ. ಆ ಕಾಲದ ಎಷ್ಟೋ ಕ್ಯಾಥೊಲಿಕ್ ಪ್ಯಾರಿಷ್‌ಗಳಲ್ಲಿ ಬ್ಯಾಪ್ಟಿಸಂ ದಾಖಲೆಗಳೇ ಇನ್ನೂ ಶುರುವಾಗಿರಲಿಲ್ಲ. ಅಂಥ ಕಡೆ ಬರಗಾಲಕ್ಕಿಂತ ಮುಂಚೆ ಒಬ್ಬ ಸಾಮಾನ್ಯ ರೈತನ ಹೆಸರು ಕಾಗದದಲ್ಲಿ ಇದೆ ಅಂದರೆ ಅದು ಬಹಳ ಸಲ ಇಲ್ಲಿ ಮಾತ್ರ.

ಆದರೆ ಗ್ರಿಫಿತ್ ಜೊತೆ ಹೋಲಿಸಿದರೆ ಇದು ಬಡ ದಾಖಲೆ. ಕೃಷಿ ಜಮೀನು ಇದ್ದವರ ಹೆಸರು ಮಾತ್ರ ಇದೆ. ಪಟ್ಟಣದವರಿಲ್ಲ, ಭೂಮಿಯಿಲ್ಲದ ಕೂಲಿಗಳಿಲ್ಲ. ಮನೆಯ ಲೆಕ್ಕ ಇಲ್ಲ, ಅಚ್ಚಾದ ನಕ್ಷೆ ಇಲ್ಲ. ಜಂಟಿ ಸಾಗುವಳಿ ಇದ್ದ ಕಡೆ ಒಬ್ಬನ ಹೆಸರು ಬರೆದು, ಮತ್ತು ಪಾಲುದಾರರು ಅಂತ ಮುಗಿಸಿಬಿಟ್ಟಿದ್ದಾರೆ. ಕೈಬರಹ ಬೇರೆ. ಆರ್ಡ್‌ನೆನ್ಸ್ ಸರ್ವೆ ಅನ್ನೋ ಸರ್ಕಾರಿ ನಕ್ಷೆ ಇಲಾಖೆಯವರು ಊರ ಹೆಸರುಗಳನ್ನು ಒಂದು ರೂಪಕ್ಕೆ ತರುವ ಮೊದಲೇ ಬರೆದಿರೋದರಿಂದ ಟೌನ್‌ಲ್ಯಾಂಡಿನ ಹೆಸರು ಕಿವಿಗೆ ಬಿದ್ದ ಹಾಗೆ ಇದೆ. ಕೆಲವು ಹೆಸರುಗಳಂತೂ ಮುಂದೆ ನಕ್ಷೆಯಲ್ಲೇ ಇಲ್ಲ. ಹೆಸರು ಹಾಕಿ ಹುಡುಕಿದಾಗ ಸಿಗದಿದ್ದರೆ ಪ್ಯಾರಿಷ್ ತೆರೆದು ಪುಟಪುಟವಾಗಿ ಓದುವುದೇ ಸರಿ. ಓ, ಮ್ಯಾಕ್ ಅನ್ನೋ ಪೂರ್ವಪದಗಳನ್ನು ಬಿಟ್ಟೂ ಹುಡುಕಿ.

ಎರಡೂ ಪಟ್ಟಿ ಸಿಕ್ಕವರು ಜಾರಿ ಬೀಳುವ ಜಾಗ ಎಕರೆ. ಅಪ್ಪ 1827ರ ಟೈಥ್ ಪುಸ್ತಕದಲ್ಲಿ 8 ಎಕರೆ, ಮಗ 1853ರ ಗ್ರಿಫಿತ್‌ನಲ್ಲಿ 13 ಎಕರೆ ಅಂತ ಕಂಡಿತು ಅನ್ನಿ. ಬರಗಾಲದ ನಡುವೆಯೂ ಮಗ ಐದು ಎಕರೆ ಸಂಪಾದಿಸಿದ ಅಂತ ಖುಷಿಪಡಬೇಡಿ. ಟೈಥ್ ಪುಸ್ತಕಗಳಲ್ಲಿ ಹೆಚ್ಚಾಗಿ ಐರಿಷ್ ಎಕರೆ ಬಳಸಿದ್ದಾರೆ. ಒಂದು ಐರಿಷ್ ಎಕರೆ ಅಂದರೆ 7,840 ಚದರ ಗಜ. ಈಗಿನ ಎಕರೆ 4,840 ಚದರ ಗಜ. ಐರಿಷ್ ಲೆಕ್ಕವನ್ನು 1.62ರಿಂದ ಗುಣಿಸಿದರೆ ಈಗಿನ ಲೆಕ್ಕ ಬರುತ್ತೆ. 8 ಐರಿಷ್ ಎಕರೆ ಸುಮಾರು 13 ಎಕರೆ. ಅಂದರೆ ಅದೇ ಹೊಲ. ಈ ಗುಣಾಕಾರ ಹೊಂದಿತು ಅಂದ್ರೆ ಇವರಿಬ್ಬರೂ ಒಂದೇ ಮನೆಯವರು ಅನ್ನೋದಕ್ಕೆ ಒಳ್ಳೇ ಸುಳಿವು ಸಿಕ್ಕಿತು ಅಂತ.

ಈ ತೆರಿಗೆ ವಿರುದ್ಧ ದೊಡ್ಡ ಹೋರಾಟ ಎದ್ದಿತು. 1831ರಲ್ಲಿ ಕಿಲ್ಕೆನಿ ಕೌಂಟಿಯ ಗ್ರೇಗ್‌ನಮನಾದಲ್ಲಿ ರೈತರು ತೆರಿಗೆ ಕೊಡಲ್ಲ ಅಂತ ನಿಂತರು, ದನ ಜಪ್ತಿಗೆ ಬಂದವರನ್ನು ತಡೆದರು. ಅದೇ ವರ್ಷ ಡಿಸೆಂಬರಿನಲ್ಲಿ ಕ್ಯಾರಿಕ್‌ಶಾಕ್‌ನಲ್ಲಿ ಹೆಣಗಳು ಬಿದ್ದವು. ತೆರಿಗೆ ಬಾರದೆ ಪಾದ್ರಿಗಳು ಸರ್ಕಾರದಿಂದ ಪರಿಹಾರ ಕೇಳಿದಾಗ, 1831ರಲ್ಲಿ ಯಾರು ಯಾರು ಕಟ್ಟಿಲ್ಲ ಅಂತ ಪಟ್ಟಿ ಕೊಟ್ಟರು. ಸುಮಾರು 30,000 ಹೆಸರುಗಳ ಈ ಬಾಕಿದಾರರ ಪಟ್ಟಿಯಲ್ಲಿ ಕಿಲ್ಕೆನಿ, ಟಿಪ್ಪರರಿ ಕಡೆಯವರೇ ಜಾಸ್ತಿ. ಕೆಲವು ಕಡೆ ಕಸುಬೂ ಬರೆದಿದೆ. ನಿಮ್ಮವರು ಆ ಭಾಗದವರಾದರೆ ಇದನ್ನು ತಪ್ಪದೇ ನೋಡಿ. ಕೊಡಲ್ಲ ಅಂದವರ ಪಟ್ಟಿಯಲ್ಲಿ ನಿಮ್ಮ ಮುತ್ತಜ್ಜನ ಹೆಸರು ಇದ್ದರೆ ಅದಕ್ಕಿಂತ ಹೆಮ್ಮೆಯ ದಾಖಲೆ ಇನ್ನೇನಿದೆ!

ಈಗಿನ ಗಣರಾಜ್ಯದ 26 ಕೌಂಟಿಗಳ ಟೈಥ್ ಪುಸ್ತಕಗಳು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತ. ಉತ್ತರದ ಆರು ಕೌಂಟಿಗಳವು ಬೆಲ್‌ಫಾಸ್ಟಿನ ಪ್ರೋನಿ ಅನ್ನೋ ಸರ್ಕಾರಿ ದಾಖಲೆ ಕಚೇರಿಯಲ್ಲಿವೆ.

ರಿವಿಷನ್ ಪುಸ್ತಕಗಳು

ಗ್ರಿಫಿತ್ ಪಟ್ಟಿ ಅಚ್ಚಾದ ಮೇಲೂ ತೆರಿಗೆ ನಿಲ್ಲಲಿಲ್ಲ, ಹಾಗಾಗಿ ಪಟ್ಟಿಯನ್ನು ತಿದ್ದುತ್ತಲೇ ಇರಬೇಕಾಯಿತು. ಹಳೇ ಹೆಸರಿಗೆ ಗೆರೆ ಎಳೆದು ಹೊಸ ಹೆಸರು ಬರೆದರು. ತಿದ್ದಿದ ವರ್ಷವನ್ನು ಪಕ್ಕದಲ್ಲಿ ಹಾಕಿದರು. ಯಾವ ವರ್ಷದ ತಿದ್ದುಪಡಿ ಅಂತ ತಿಳಿಯಲು ಬೇರೆಬೇರೆ ಬಣ್ಣದ ಶಾಯಿ ಬಳಸಿದರು. ಕೆಂಪು, ನೀಲಿ, ಹಸಿರು ಗೆರೆಗಳು ಒಂದರ ಮೇಲೊಂದು ಬಿದ್ದ ಒಂದು ಪುಟದಲ್ಲಿ ಒಂದು ಮನೆತನದ ಹಲವು ದಶಕಗಳು ಇರುತ್ತವೆ.

ಉದಾಹರಣೆಗೆ, ಗಂಡನ ಹೆಸರಿಗೆ ಗೆರೆ ಬಿದ್ದು ಹೆಂಡತಿಯ ಹೆಸರು ಬಂತು, ಪಕ್ಕದಲ್ಲಿ 1871 ಅಂತಿದೆ. ಆಗ ಗಂಡ ಅದರ ಹಿಂದಿನ ಒಂದೆರಡು ವರ್ಷದಲ್ಲಿ ತೀರಿಕೊಂಡಿರಬಹುದು. ಐರ್ಲೆಂಡಿನಲ್ಲಿ ಜನನ ಮರಣದ ನೋಂದಣಿ 1864ರಲ್ಲಿ ಶುರುವಾಗಿದೆ, ಮರಣ ದಾಖಲೆ ಐರಿಷ್ ಜೀನಿಯಾಲಜಿ ತಾಣದಲ್ಲಿ ಉಚಿತವಾಗಿ ನೋಡಬಹುದು. ಅದೇ ಹೆಸರಿನ ಹತ್ತು ಜನರಲ್ಲಿ ನಿಮ್ಮವನು ಯಾರು ಅಂತ ಈ ಶಾಯಿ ಹೇಳುತ್ತೆ. ತಿದ್ದುಪಡಿ ಕಚೇರಿಗೆ ತಲುಪೋದು ತಡವಾಗುತ್ತಿತ್ತು, ಅದಕ್ಕೇ ಸ್ವಲ್ಪ ಹಿಂದಿನ ವರ್ಷಗಳನ್ನೂ ನೋಡಿ. ಪುಟದ ಮೇಲೆ ಎಲ್.ಎ.ಪಿ. ಅನ್ನೋ ಮುದ್ರೆ ಕಂಡರೆ ಭೂ ಸುಧಾರಣೆ ಕಾನೂನಿನಡಿ ಗೇಣಿದಾರ ಆ ಜಮೀನನ್ನು ಕೊಂಡುಕೊಂಡ ಅಂತ ಅರ್ಥ. ತಲೆಮಾರುಗಟ್ಟಲೆ ಗೇಣಿ ಕಟ್ಟಿದ ಮನೆ ಕೊನೆಗೂ ಒಡೆತನ ಪಡೆದ ವರ್ಷ ಅದು.

ಕೊನೆಯ ಹೆಸರು ಯಾರದು ಅನ್ನೋದೂ ಮುಖ್ಯ. ಅಲ್ಲಿಂದ ಮುಂದಕ್ಕೆ ಬಂದರೆ ಇವತ್ತು ಅದೇ ಹೊಲದಲ್ಲಿರುವ ದೂರದ ಬಂಧುಗಳೇ ಸಿಗಬಹುದು.

ಉತ್ತರದ ಆರು ಕೌಂಟಿಗಳ ಪುಸ್ತಕಗಳನ್ನು, ಸುಮಾರು 1930ರವರೆಗಿನವು, ಪ್ರೋನಿ ತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಉಳಿದ ಕೌಂಟಿಗಳವು ಡಬ್ಲಿನ್ನಿನ ವ್ಯಾಲ್ಯುಯೇಷನ್ ಆಫೀಸಿನ ಪುಸ್ತಕಗಳು, ಅವು 1970ರ ದಶಕದವರೆಗೂ ಬರುತ್ತವೆ. ಆ ಕಚೇರಿ 2023ರಿಂದ ಟೈಲ್ಟೆ ಎರನ್ ಅನ್ನೋ ಸಂಸ್ಥೆಯೊಳಗೆ ಸೇರಿದೆ. ಅಲ್ಲಿಗೆ ಟೌನ್‌ಲ್ಯಾಂಡ್ ಹೆಸರಿಟ್ಟು ಬರೆದು ಕೇಳಬೇಕು, ಮನುಷ್ಯರ ಹೆಸರಿಟ್ಟಲ್ಲ.

ಉಳಿದವು, ಚುಟುಕಾಗಿ

ಟೈಥ್ ಮತ್ತು ಗ್ರಿಫಿತ್ ನಡುವೆ ಇಪ್ಪತ್ತು ಮೂವತ್ತು ವರ್ಷದ ಅಂತರ ಇದೆ, ಬರಗಾಲ ಬಿದ್ದಿದ್ದೂ ಆ ನಡುವೆಯೇ. 1845ರಿಂದ 1852ರೊಳಗೆ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಮ್ಮಿ ಅಷ್ಟೇ ಜನ ದೇಶ ಬಿಟ್ಟರು. ಆ ಅಂತರ ತುಂಬಲು ಗ್ರಿಫಿತ್‌ನ ಸರ್ವೆಯವರು ಸ್ಥಳದಲ್ಲೇ ಬರೆದ ಹೌಸ್ ಬುಕ್, ಫೀಲ್ಡ್ ಬುಕ್, ಟೆನ್ಯೂರ್ ಬುಕ್‌ಗಳಿವೆ. ಟೆನ್ಯೂರ್ ಬುಕ್‌ನಲ್ಲಿ ಗೇಣಿ ಎಷ್ಟು, ಯಾವ ವರ್ಷದ ಕರಾರು ಅಂತಲೂ ಇರುತ್ತೆ. ಎಲ್ಲ ಊರಿನವೂ ಉಳಿದಿಲ್ಲ, ಆದರೆ ಉಳಿದವು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತ.

ನಿಮ್ಮವರು ವ್ಯಾಪಾರಿಗಳು, ಸ್ವಲ್ಪ ಅನುಕೂಲಸ್ಥರು, ಅಥವಾ ಪ್ರಾಟೆಸ್ಟೆಂಟರು ಆಗಿದ್ದರೆ ರಿಜಿಸ್ಟ್ರಿ ಆಫ್ ಡೀಡ್ಸ್, ಅಂದರೆ ಆಸ್ತಿ ಪತ್ರಗಳ ನೋಂದಣಿ ದಾಖಲೆ ನೋಡಿ. 1708ರಿಂದ ಇದೆ, 1922ರ ಬೆಂಕಿ ಇದನ್ನು ಮುಟ್ಟಲಿಲ್ಲ. ಮೂರು ಜೀವಗಳ ಕರಾರು ಅನ್ನೋದು ಇಲ್ಲಿ ಸಿಗುವ ನಿಧಿ: ಕರಾರಿನಲ್ಲಿ ಹೆಸರಿಸಿದ ಮೂವರು ಬದುಕಿರುವವರೆಗೂ ಗೇಣಿ ನಡೆಯುತ್ತೆ. ಆ ಮೂವರಲ್ಲಿ ಗೇಣಿದಾರನ ಮಕ್ಕಳ ಹೆಸರು, ವಯಸ್ಸು ಇರುವುದುಂಟು. ಸಣ್ಣ ಕ್ಯಾಥೊಲಿಕ್ ರೈತನಿಗೆ ಇಲ್ಲಿ ಸಮಯ ಹಾಕಬೇಡಿ. ಅವನಿಗೆ ಜಮೀನ್ದಾರನ ಗೇಣಿ ಪುಸ್ತಕಗಳೇ ಮೇಲು. ಗ್ರಿಫಿತ್‌ನಲ್ಲಿ ಜಮೀನ್ದಾರನ ಹೆಸರು ಹಿಡಿದು ಐರ್ಲೆಂಡಿನ ನ್ಯಾಷನಲ್ ಲೈಬ್ರರಿಯ ಎಸ್ಟೇಟ್ ಕಾಗದಗಳಲ್ಲಿ ಹುಡುಕಿ. ಸಾಲದಲ್ಲಿ ಮುಳುಗಿದ ಎಸ್ಟೇಟುಗಳನ್ನು 1849ರ ಕಾನೂನಿನಡಿ ಹರಾಜು ಹಾಕಿದಾಗ ಅಚ್ಚು ಹಾಕಿಸಿದ ಪುಸ್ತಿಕೆಗಳಲ್ಲೂ ಗೇಣಿದಾರರ ಪಟ್ಟಿ ಇದೆ. ಅಲ್ಸ್ಟರ್ ಕಡೆಯವರಿಗೆ 1796ರ ಅಗಸೆ ಬೆಳೆಗಾರರ ಪಟ್ಟಿ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತೆ. ಅಗಸೆ ನಾರು ಬೆಳೆದವರಿಗೆ ನೂಲುವ ರಾಟೆ ಬಹುಮಾನ ಕೊಟ್ಟಾಗ ಬರೆದ ಪಟ್ಟಿ ಅದು, ಅದರಲ್ಲಿ ಸುಮಾರು 60,000 ಹೆಸರುಗಳಿವೆ.

ಹೆಸರು ಸಿಕ್ಕಿತು, ಆದರೆ ಅವನೇನಾ?

ಜಮೀನಿನ ಪಟ್ಟಿ ಯಾರು ಎಲ್ಲಿದ್ದರು ಅಂತ ಹೇಳುತ್ತೆ. ಯಾರು ಯಾರ ಮಗ ಅಂತ ಹೇಳಲ್ಲ. ಕಾರ್ಕ್ ಕೌಂಟಿಯಲ್ಲಿ ಮರ್ಫಿ ಹುಡುಕಲು ಹೊರಟವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಅದಕ್ಕೇ ಪ್ರತಿ ಹೆಜ್ಜೆಯನ್ನೂ ಚರ್ಚಿನ ದಾಖಲೆ ಜೊತೆ ತಾಳೆ ನೋಡಬೇಕು. ಕ್ಯಾಥೊಲಿಕ್ ಪ್ಯಾರಿಷ್ ದಾಖಲೆಗಳ ಚಿತ್ರಗಳನ್ನು ನ್ಯಾಷನಲ್ ಲೈಬ್ರರಿ 2015ರಿಂದ ಉಚಿತವಾಗಿ ತೆರೆದಿಟ್ಟಿದೆ.

ಊರೇ ಗೊತ್ತಿಲ್ಲದವರಿಗೆ ಒಂದು ಉಪಾಯ ಇದೆ. ಗಂಡನ ಮನೆಹೆಸರಿನ ಜೊತೆ ಹೆಂಡತಿಯ ತವರಿನ ಮನೆಹೆಸರೂ ಗೊತ್ತಿದ್ದರೆ, ಗ್ರಿಫಿತ್‌ನಲ್ಲಿ ಎರಡೂ ಹೆಸರು ಒಟ್ಟಿಗೆ ಬರುವ ಪ್ಯಾರಿಷ್‌ಗಳನ್ನು ಹುಡುಕಿ. ಆಗಿನ ಮದುವೆಗಳು ಅಕ್ಕಪಕ್ಕದ ಊರುಗಳ ನಡುವೆಯೇ ಆಗುತ್ತಿದ್ದವು. ಒಂದು ಹೆಸರಾದರೂ ಅಪರೂಪದ್ದಾಗಿದ್ದರೆ ನೂರಾರು ಪ್ಯಾರಿಷ್ ಇಳಿದು ನಾಲ್ಕೈದಕ್ಕೆ ಬರುತ್ತೆ. ಆಮೇಲೆ ಆ ನಾಲ್ಕೈದರ ಮದುವೆ ಪುಸ್ತಕಗಳನ್ನು ಕೂತು ಓದಬಹುದು.